ದೋಣಿಗೆ ಕಟ್ಟಿದ ಬುತ್ತಿ

(ಶಾಲೆಯ ಸುವರ್ಣ ಮಹೋತ್ಸವದಂದು ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಹೇಗಿರುತ್ತೆ ಅಂತ ಮಕ್ಕಳಿಗೆ ಹೇಳಪ್ಪ" ಎಂದು ಮುಖ್ಯೋಪಾಧ್ಯಾಯರು ಫೋನಿನಲ್ಲಿ ಹೇಳಿದ್ದರು. ಸರ್, ಕ್ಷಮಿಸಬೇಕು. ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಕುರ್ಚಿ ಮೇಲೆ ಕೂರುತ್ತೇವೆ, ಪರದೆ ನೋಡುತ್ತೇವೆ, ಸಂಜೆಗೆ ಬೆನ್ನು ನೋಯುತ್ತದೆ. ನಾನು ಇವತ್ತು ಶೇಂಗಾದ ಬಗ್ಗೆ ಮಾತಾಡುತ್ತೇನೆ. ಚಳ್ಳಕೆರೆ ಸೀಮೆಯವರಿಗೆ ಶೇಂಗಾದ ಬಗ್ಗೆ ಹೇಳಲು ಇವನ್ಯಾರು ಎಂದು ಅಲ್ಲಿ ಹಿಂದೆ ಯಾರೋ ನಕ್ಕರು. ನಗಿ. ಆದರೆ ಇದು ಹೊಲದ ಶೇಂಗಾ ಅಲ್ಲ, ದೋಣಿ ಹತ್ತಿದ ಶೇಂಗಾ.

ನಾನು ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದ್ದು 2004ರಲ್ಲಿ. ಆಮೇಲೆ ಬಿ.ಇ., ಬೆಂಗಳೂರು, ಈಗ ಅಮೆರಿಕದ ಮಿನೆಸೋಟ ರಾಜ್ಯ. ಆ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಅಂಟಿಕೊಂಡು, ಬೌಂಡರಿ ವಾಟರ್ಸ್ ಎಂಬ ಕಾಡಿದೆ. 10 ಲಕ್ಷ ಎಕರೆಗೂ ಹೆಚ್ಚು, ಅದರೊಳಗೆ ಸಾವಿರಕ್ಕೂ ಮೀರಿ ಸರೋವರಗಳು. ಒಂದು ಕೆರೆ ತುಂಬಿದರೆ ಗಂಗಾಪೂಜೆ ಮಾಡುವ ನಮಗೆ ಅಷ್ಟು ನೀರು ನೋಡಿದಾಗ ಮೊದಲು ಬರುವುದು ಹೊಟ್ಟೆಕಿಚ್ಚು. ಕಾಡಿನೊಳಗೆ ರಸ್ತೆಯಿಲ್ಲ, ಅಂಗಡಿಯಿಲ್ಲ, ಹೆಚ್ಚಿನ ಕಡೆ ಫೋನಿಗೆ ಸಿಗ್ನಲ್ ಇಲ್ಲ. ಕೆನೂ ಎಂಬ, ಎರಡೂ ತುದಿ ಚೂಪಾದ ಉದ್ದನೆಯ ಹಗುರ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗಬೇಕು. ಒಂದು ಸರೋವರ ಮುಗಿದು ಇನ್ನೊಂದು ಶುರುವಾಗುವ ತನಕ ನಡುವೆ ನೆಲ ಬರುತ್ತದಲ್ಲ, ಅಲ್ಲಿ ದೋಣಿಯನ್ನೇ ತಲೆ ಮೇಲೆ ಬೋರಲು ಹಾಕಿಕೊಂಡು ನಡೆಯಬೇಕು. ಇದಕ್ಕೆ ಪೋರ್ಟೇಜ್ ಅನ್ನುತ್ತಾರೆ. ಆ ದಾರಿಯ ಉದ್ದವನ್ನು ನಕ್ಷೆಯಲ್ಲಿ ಮೈಲಿಯಲ್ಲಿ ಬರೆಯುವುದಿಲ್ಲ, ರಾಡ್ ಎಂಬ ಹಳೆಯ ಅಳತೆಯಲ್ಲಿ ಬರೆಯುತ್ತಾರೆ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚುಕಮ್ಮಿ ಒಂದು ದೋಣಿಯುದ್ದ. 320 ರಾಡ್ ಆದರೆ ಒಂದು ಮೈಲಿ.

ಬುತ್ತಿಯ ಲೆಕ್ಕ ಶುರುವಾಗುವುದು ಇಲ್ಲಿಂದ. ದೋಣಿ, ಡೇರೆ, ಹಾಸಿಗೆ, ಪಾತ್ರೆ, ಐದು ದಿನದ ಊಟ ಎಲ್ಲವೂ ನಮ್ಮ ಬೆನ್ನ ಮೇಲೆ. ತೂಕ ಕಡಿಮೆ ಇರಬೇಕು, ಶಕ್ತಿ ಜಾಸ್ತಿ ಇರಬೇಕು, ಕೆಡಬಾರದು, ಮಳೆ ಹಿಡಿದು ಒಲೆ ಹತ್ತದಿದ್ದರೂ ತಿನ್ನುವಂತಿರಬೇಕು. ಈ ನಾಲ್ಕಕ್ಕೂ ಸಲ್ಲುವ ತಿನಿಸು ಯಾವುದು ಎಂದು ಅಲ್ಲಿ ಯಾರನ್ನು ಕೇಳಿದರೂ ಹೇಳುವುದು ಪೀನಟ್ ಬಟರ್. ಹುರಿದ ಶೇಂಗಾವನ್ನು ನುಣ್ಣಗೆ ಅರೆದ ಮುದ್ದೆ, ಅಷ್ಟೇ. ಅದರಲ್ಲಿ ನೀರಿನಂಶ ಬಹಳ ಕಡಿಮೆ, ಹಾಗಾಗಿ ಬೂಸ್ಟು ಹಿಡಿಯುವುದಿಲ್ಲ. 100 ಗ್ರಾಮಿಗೆ 590ರ ಆಸುಪಾಸು ಕ್ಯಾಲರಿ. ಅದೇ ತೂಕದ ಅಕ್ಕಿಯಲ್ಲಿ 350ರಷ್ಟು, ಅದಕ್ಕೂ ನೀರು ಬೇಕು, ಬೆಂಕಿ ಬೇಕು.

ನನಗೆ ಈ ಲೆಕ್ಕ ಹೊಸದಾಗಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಶೇಂಗಾ ಬೀಜವನ್ನು ಗುಂಡುಸೂಜಿಗೆ ಚುಚ್ಚಿ, ಬೆಂಕಿಕಡ್ಡಿ ಗೀರಿ ಹಚ್ಚಿದ್ದರು. ಮೇಲೆ ಪ್ರನಾಳದಲ್ಲಿ ಸ್ವಲ್ಪ ನೀರು. ಬೀಜ ಪುಟ್ಟ ದೀಪದ ಹಾಗೆ ಉರಿಯಿತು, ನೀರು ಕೈ ಸುಡುವಷ್ಟು ಬಿಸಿಯಾಯಿತು. "ನೀವು ಜೇಬಿನಲ್ಲಿ ತುಂಬಿಕೊಂಡು ಬರ್ತೀರಲ್ಲ, ಅದೇ ಇದು" ಎಂದರು. ಥರ್ಮಾಮೀಟರ್ ಒಡೆದು ಹೋಗಿತ್ತು, ಎಷ್ಟು ಡಿಗ್ರಿ ಏರಿತೆಂದು ಗೊತ್ತಾಗಲಿಲ್ಲ. ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸರ್, ನಿಮಗೆ ನೆನಪಿಲ್ಲದಿರಬಹುದು, ನನಗಿದೆ.

ಹೊರೆ ಹೊತ್ತು ಹೋಗುವವರು ಕೊಬ್ಬಿನ ಪದಾರ್ಥವನ್ನೇ ಕಟ್ಟಿಕೊಳ್ಳುವುದು ಅಲ್ಲಿ ಇವತ್ತಿನ ಮಾತಲ್ಲ. 18ನೇ ಶತಮಾನದಲ್ಲಿ ತುಪ್ಪುಳದ ಚರ್ಮದ ವ್ಯಾಪಾರಕ್ಕಾಗಿ ಇದೇ ಜಲಮಾರ್ಗದಲ್ಲಿ ದೋಣಿ ನಡೆಸಿದ ಫ್ರೆಂಚ್ ಕೂಲಿಗಳಿದ್ದರು, ವಾಯೇಜರ್ ಎಂದು ಹೆಸರು. ತಲಾ 90 ಪೌಂಡಿನ, ಅಂದರೆ ಸುಮಾರು 41 ಕಿಲೋದ ಎರಡು ಮೂಟೆಯನ್ನು ಒಟ್ಟಿಗೆ ಹೊರುತ್ತಿದ್ದರು. ಅವರ ಊಟ ಒಣ ಬಟಾಣಿ ಅಥವಾ ಮೆಕ್ಕೆಜೋಳದ ಗಂಜಿಗೆ ಹಂದಿಯ ಕೊಬ್ಬು. ಇನ್ನೂ ಪಶ್ಚಿಮಕ್ಕೆ ಹೋದರೆ, ಒಣಮಾಂಸದ ಪುಡಿಗೆ ಕೊಬ್ಬು ಕಾಯಿಸಿ ಹಾಕಿದ ಪೆಮಿಕನ್. ಅದನ್ನು ಕಲಿಸಿದವರು ಅಲ್ಲಿಯ ಮೂಲನಿವಾಸಿಗಳು. ಮಾಂಸ ತಿನ್ನದ ನನ್ನಂಥವನಿಗೆ ಪೀನಟ್ ಬಟರೇ ಪೆಮಿಕನ್.

ಈಗ ನಾನು ಮಾಡಿದ ಎಡವಟ್ಟುಗಳಿಗೆ ಬರುತ್ತೇನೆ.

ಮೊದಲ ಸಲ ಹೋದದ್ದು ನಾವು ನಾಲ್ವರು. ಒಬ್ಬರಿಗೆ ದಿನಕ್ಕೆ 60 ಗ್ರಾಮ್ ಎಂದರೆ ನಾಲ್ವರಿಗೆ ಐದು ದಿನಕ್ಕೆ 1200 ಗ್ರಾಮ್. ಲೆಕ್ಕ ಸರಿಯಿತ್ತು. ಆದರೆ ನಾನು ಶೇಂಗಾ ಬೆಳೆದವರ ಮಗ ಎಂಬ ಜಂಬದಲ್ಲಿ, ಸಕ್ಕರೆ, ಬೇರೆ ಎಣ್ಣೆ ಸೇರಿಸದ, ಬರೀ ಶೇಂಗಾ ಮತ್ತು ಉಪ್ಪಿನ ಮುದ್ದೆ ಬೇಕೆಂದು ಹುಡುಕಿ ಗಾಜಿನ ಬಾಟಲಿಯದು ತಂದೆ. ಆ ಕಾಡಿನೊಳಗೆ ಊಟದ ಸಾಮಾನು ಗಾಜಿನಲ್ಲಿ, ತಗಡಿನ ಡಬ್ಬಿಯಲ್ಲಿ ಒಯ್ಯುವಂತಿಲ್ಲ. ಇದು ನಿಯಮ, ದಂಡವೂ ಇದೆ. ಈಲಿ ಎಂಬ ಊರಿನಲ್ಲಿ ಪರವಾನಗಿ ಪಡೆಯುವಾಗ ಅಲ್ಲಿಯವರು ನಿಯಮ ಹೇಳುತ್ತಿದ್ದಂತೆ ನನ್ನ ಮುಖ ಸಣ್ಣದಾಯಿತು. ಬೇರೆ ಡಬ್ಬಿ ಇರಲಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಸುರಿದು, ಗಾಳಿ ತೆಗೆದು ಮುಚ್ಚಿ, ಬ್ಯಾಗಿನ ತಳಕ್ಕೆ ತುರುಕಿದೆ.

ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡಿದವರು ಇಲ್ಲಿ ಬಹಳ ಜನ ಇದ್ದೀರಿ, ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಅರೆದ ಶೇಂಗಾವನ್ನು ಹಾಗೇ ಬಿಟ್ಟರೆ ಎಣ್ಣೆ ಮೇಲೆ, ಹಿಟ್ಟು ಕೆಳಗೆ. ಅಂಗಡಿಯ ಮಾಮೂಲಿ ಪೀನಟ್ ಬಟರಿಗೆ ಘನವಾಗಿಸಿದ ಎಣ್ಣೆ ಒಂಚೂರು ಬೆರೆಸಿರುತ್ತಾರೆ, ಅದಕ್ಕೇ ಅದು ಬೇರೆಯಾಗುವುದಿಲ್ಲ. ನನ್ನದು ಬೇರೆಯಾಯಿತು. ಬಿಸಿಲಿಗೆ ತೆಳುವಾಗಿ, ಮೇಲಿನ ಭಾರಕ್ಕೆ ಒತ್ತಿ, ಜಿಪ್ಪಿನ ಸಂದಿಯಿಂದ ಇಳಿದು ನನ್ನ ಸ್ಲೀಪಿಂಗ್ ಬ್ಯಾಗ್ ಕುಡಿಯಿತು. ರಾತ್ರಿ ಬಿಚ್ಚಿದರೆ ಗಾಣದ ಮನೆಯ ವಾಸನೆ.

ನಗುವ ಸಂಗತಿಯಲ್ಲ, ಯಾಕೆಂದರೆ ಅದು ಕರಡಿಯ ಕಾಡು. ಕಪ್ಪು ಕರಡಿ. ನಮ್ಮ ಕಡೆಯ ಕರಡಿಗೆ ಶೇಂಗಾ ಹೊಲ ಎಂದರೆ ಎಷ್ಟು ಪ್ರೀತಿ ಎಂದು ರಾತ್ರಿ ಕಾವಲು ಕಾದ ನಿಮಗೆ ಗೊತ್ತು. ಅದಕ್ಕೂ ಇದೇ ಚಪಲ. ಊಟದ ಸಾಮಾನನ್ನೆಲ್ಲ ಮೂಟೆ ಕಟ್ಟಿ, ನೆಲದಿಂದ 12 ಅಡಿ ಮೇಲೆ, ಮರದ ಕಾಂಡದಿಂದ 6 ಅಡಿ ಆಚೆಗೆ ಹಗ್ಗದಲ್ಲಿ ತೂಗುಹಾಕಬೇಕು, ಇಲ್ಲವೇ ಕರಡಿ ಒಡೆಯಲಾಗದ ಡಬ್ಬಿಯಲ್ಲಿಡಬೇಕು. ಅವತ್ತು ಊಟದ ಮೂಟೆಯ ಜೊತೆ ನನ್ನ ಹಾಸಿಗೆಯೂ ಮರದಲ್ಲಿ ನೇತಾಡಿತು. ನಾನು ಇದ್ದ ಬಟ್ಟೆಯನ್ನೆಲ್ಲ ಮೈಗೆ ಹಾಕಿಕೊಂಡು ಡೇರೆಯಲ್ಲಿ ನಡುಗುತ್ತಾ ಮಲಗಿದೆ. ಕರಡಿ ಬರಲಿಲ್ಲ. ಸೊಳ್ಳೆ ಬಂದವು.

ಈಗ ನಾನು ಒಯ್ಯುವುದು ಅಗಲ ಬಾಯಿಯ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಕಂಠದ ತನಕ ತುಂಬುವುದಿಲ್ಲ. ಮುಚ್ಚಳದ ಮೇಲೆ ಎರಡು ಕವರು. ಎಣ್ಣೆ ಬಿಡುವ ಜಾತಿಯದಾದರೆ ಹಿಂದಿನ ದಿನ ಬೋರಲು ಇಟ್ಟು, ಬೆಳಿಗ್ಗೆ ತಳ ಮುಟ್ಟಿ ಕಲಕಬೇಕು. ಬ್ರೆಡ್ ಒಯ್ಯಬೇಡಿ, ಮೊದಲ ಪೋರ್ಟೇಜಿನಲ್ಲೇ ಅದು ಅಪ್ಪಚ್ಚಿ. ಚಪಾತಿಯೇ ಸರಿ. ಅಲ್ಲಿಯವರೂ ಟಾರ್ಟಿಯಾ ಎಂಬ ಚಪಾತಿಯ ತಮ್ಮನನ್ನೇ ಒಯ್ಯುತ್ತಾರೆ. ಕೊನೆಯ ದಿನ ಡಬ್ಬಿಗೆ ಉಗುರುಬೆಚ್ಚಗಿನ ನೀರು ಹಾಕಿ ಕುಲುಕಿ ಕುಡಿದರೆ ಅಂಟಿದ್ದೂ ಹೊಟ್ಟೆಗೆ, ಡಬ್ಬಿಯ ವಾಸನೆಯೂ ಕಡಿಮೆ. ಖಾಲಿ ಡಬ್ಬಿಯನ್ನು ಕಾಡಿನಲ್ಲಿ ಬಿಡುವಂತಿಲ್ಲ, ಹೊತ್ತು ತರಬೇಕು. ಗೆಳೆಯನೊಬ್ಬ ಹಗುರ ಎಂದು ಪೀನಟ್ ಬಟರಿನ ಪುಡಿ ತಂದಿದ್ದ. ಎಣ್ಣೆ ಹಿಂಡಿ ತೆಗೆದು ಒಣಗಿಸಿದ ಪುಡಿ. ನಾನು ರುಚಿ ನೋಡಿ, "ಇದನ್ನ ನಮ್ಮೂರಲ್ಲಿ ಎಮ್ಮೆಗೆ ಹಾಕ್ತೀವಿ, ಹಿಂಡಿ ಅಂತೀವಿ" ಎಂದೆ. ಶಕ್ತಿ ಇರುವುದೇ ಎಣ್ಣೆಯಲ್ಲಿ, ಅದನ್ನೇ ಬಿಟ್ಟು ಬಂದಿದ್ದ.

ಎರಡನೆಯ ಎಡವಟ್ಟು ಹೇಳಲು ಸ್ವಲ್ಪ ಕಷ್ಟ.

ಎರಡು ವರ್ಷದ ನಂತರ ದಾವಣಗೆರೆ ಕಡೆಯ ಗೆಳೆಯರೊಬ್ಬರು ತಮ್ಮ ಹನ್ನೊಂದು ವರ್ಷದ ಮಗಳೊಂದಿಗೆ ನಮ್ಮ ಜೊತೆ ಬರುವುದಾಯಿತು. ಹೊರಡುವ ಹಿಂದಿನ ಸಂಜೆ ನಮ್ಮ ಮನೆಯ ನೆಲದ ಮೇಲೆ ಎಲ್ಲ ಹರಡಿಕೊಂಡು ಬುತ್ತಿ ಕಟ್ಟುತ್ತಿದ್ದೆವು. ಎರಡು ಡಬ್ಬಿ ಪೀನಟ್ ಬಟರ್, ಶೇಂಗಾ ಉಂಡೆ, ಅವ್ವ ಕೊಟ್ಟು ಕಳಿಸಿದ ಕೊಬ್ಬರಿ ಚಟ್ನಿಪುಡಿ. ಗೆಳೆಯರು ಆಗ ಹೇಳಿದರು, ಇವಳಿಗೆ ಶೇಂಗಾ ಆಗಲ್ಲ, ಇವಳ ಊಟ ಬೇರೆ ತಂದಿದ್ದೇನೆ ಎಂದು. ನಾನು ಮೊದಲೇ ಕೇಳಿರಲಿಲ್ಲ. ಆಗಲ್ಲ ಅಂದರೆ ಹೊಟ್ಟೆ ನೋವು ಬರಬಹುದು ಎಂದುಕೊಂಡೆ. ಶೇಂಗಾ ತಿಂದರೆ ಮಗುವಿನ ಗಂಟಲು ಊದಿ ಉಸಿರೇ ನಿಲ್ಲಬಹುದು ಎಂಬುದು ನಮ್ಮ ತಲೆಗೆ ಬರುವ ಮಾತೇ ಅಲ್ಲ.

ಆ ಹುಡುಗಿ ಒಂದೊಂದೇ ಪೊಟ್ಟಣ ಎತ್ತಿ ಲೇಬಲ್ ಓದುತ್ತಿದ್ದಳು. ಶೇಂಗಾ ಇದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕೆಂಬ ಕಾನೂನು ಅಲ್ಲಿ 2006ರಿಂದ ಜಾರಿಯಲ್ಲಿದೆ. ಅವ್ವನ ಚಟ್ನಿಪುಡಿ ಕವರಿನ ಮೇಲೆ ಲೇಬಲ್ ಎಲ್ಲಿಂದ ಬರಬೇಕು? ನನ್ನ ಹೆಸರು ಮಾತ್ರ ಇತ್ತು. "ಅಂಕಲ್, ಇದರಲ್ಲಿ ಏನಿದೆ?" ಎಂದಳು. "ಕೊಬ್ಬರಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಇದನ್ನ ನೀನು ತಿನ್ನಬಹುದು" ಎಂದೆ, ಧೈರ್ಯವಾಗಿ. ಅವಳು ಕವರಿನ ಬಾಯಿ ತೆಗೆಯಲಿಲ್ಲ. ಹೊರಗಿನಿಂದಲೇ ಮೂಸಿ, "ಪೀನಟ್ ವಾಸನೆ ಇದೆ ಅಂಕಲ್" ಎಂದು ಕೆಳಗಿಟ್ಟು, ಕೈ ತೊಳೆಯಲು ಹೋದಳು.

ನಾನು ಊರಿಗೆ ಫೋನ್ ಮಾಡಿದೆ. ಇಲ್ಲಿ ಬೆಳಗಿನ ಜಾವ. "ಅವ್ವಾ, ಕೊಬ್ಬರಿ ಚಟ್ನಿಪುಡಿಗೆ ಶೇಂಗಾ ಹಾಕಿದ್ದೀಯೇನು?" "ಒಂದು ಹಿಡಿ ಶೇಂಗಾ ಹಾಕದೆ ಚಟ್ನಿಪುಡಿ ಹೆಂಗಾಗ್ತದೋ?" ಎಂದಳು.

ನಮ್ಮ ಮನೆಯಲ್ಲಿ ಶೇಂಗಾ ಎಂದರೆ ಹಾಕಿದ ಲೆಕ್ಕಕ್ಕೇ ಬರದ ಪದಾರ್ಥ, ಉಪ್ಪಿನ ಹಾಗೆ. ನಾನು ಸುಳ್ಳು ಹೇಳಿರಲಿಲ್ಲ, ಮರೆತಿದ್ದೆ. ಆದರೆ ಅವಳು ನನ್ನ ಮಾತು ನಂಬಿ, ಕಾಡಿನ ನಡುವೆ, ರಸ್ತೆಗೆ ಒಂದು ದಿನದ ಹುಟ್ಟಿನ ದೂರದಲ್ಲಿ ಅದನ್ನು ತಿಂದಿದ್ದರೆ? ಅವಳ ಬಳಿ ಎಪಿನೆಫ್ರಿನ್ ಎಂಬ ಚುಚ್ಚುಮದ್ದಿನ ಪೆನ್ ಎರಡು ಇರುತ್ತವೆ. ಅದು ಉಸಿರು ಉಳಿಸಿಕೊಡುತ್ತದೆ, ಆದರೆ ಚುಚ್ಚಿದ ಮೇಲೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳನ್ನು ಬಿಟ್ಟು ಹೋಗೋಣ ಎನ್ನುವ ಮಾತೂ ಬಂತು. ಆಡಿದವಳು ಅವಳೇ, "ನೀವು ಹೋಗಿ ಬನ್ನಿ, ನನಗೆ ಅಭ್ಯಾಸ ಇದೆ" ಎಂದು.

ಬೆಳಿಗ್ಗೆ ಮೂಟೆಯನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದೆವು. ಅವಳ ಊಟ ಬೇರೆ, ನಮ್ಮದು ಬೇರೆ ಎಂಬ ಲೆಕ್ಕ ದೋಣಿಯಲ್ಲಿ ನಡೆಯುವುದಿಲ್ಲ. ಪಾತ್ರೆ ಒಂದೇ, ಚಾಕು ಒಂದೇ, ಹುಟ್ಟು ಕೈಯಿಂದ ಕೈಗೆ ಹೋಗುತ್ತದೆ. ಪೀನಟ್ ಬಟರ್, ಉಂಡೆ, ಚಟ್ನಿಪುಡಿ ಎಲ್ಲ ಮನೆಯಲ್ಲೇ ಉಳಿದವು. ಎಣ್ಣೆ ಕುಡಿದಿದ್ದ ನನ್ನ ಆ ಹಳೆಯ ಸ್ಲೀಪಿಂಗ್ ಬ್ಯಾಗೂ ಉಳಿಯಿತು, ಎಷ್ಟು ಒಗೆದರೂ ಅದರ ಮೇಲೆ ನನಗೆ ನಂಬಿಕೆಯಿರಲಿಲ್ಲ. ಪಾತ್ರೆ, ಚಮಚ, ಚಾಕು ಸೋಪು ಹಾಕಿ ಉಜ್ಜಿದೆವು. ಬದಲಿಗೆ ಕೊಂಡದ್ದು ಸೂರ್ಯಕಾಂತಿ ಬೀಜವನ್ನು ಅರೆದು ಮಾಡಿದ ಅದೇ ಥರದ ಮುದ್ದೆ. ಶಕ್ತಿಯಲ್ಲಿ ಪೀನಟ್ ಬಟರಿಗೆ ಸಮವೇ. ರುಚಿ? ನಮ್ಮದಲ್ಲ, ಅಷ್ಟೇ ಹೇಳಬಲ್ಲೆ. ಮೂರನೆಯ ದಿನಕ್ಕೆ ಒಗ್ಗಿತು.

ಲೇಬಲನ್ನು ಮಾತ್ರ ನಾನು ಓದಿ ಹೇಳಲಿಲ್ಲ. ಪ್ರತಿ ಪೊಟ್ಟಣವನ್ನೂ ಅವಳ ಕೈಗೆ ಕೊಟ್ಟೆ. ಅವಳು ಸರಿ ಎಂದದ್ದು ಮೂಟೆಗೆ ಹೋಯಿತು.

ಅಲ್ಲಿಯ ಮಕ್ಕಳಿಗೇ ಯಾಕೆ ಹೀಗೆ ಎಂದು ಅವ್ವ ಈಗಲೂ ಕೇಳುತ್ತಾಳೆ. ಪೂರ್ತಿ ಉತ್ತರ ಇಲ್ಲ. ಶೇಂಗಾವನ್ನು ಎಳೆ ಮಕ್ಕಳಿಗೆ ಕೊಡಲೇಬಾರದು ಎಂದು ಅಲ್ಲಿಯ ವೈದ್ಯರು ಒಂದು ಕಾಲಕ್ಕೆ ಹೇಳುತ್ತಿದ್ದರು. 2015ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನ ತಿರುವುಮುರುವು ಹೇಳಿತು. ಅಲರ್ಜಿಯ ಸಂಭವ ಹೆಚ್ಚಿರುವ ಶಿಶುಗಳಿಗೆ ವರ್ಷ ತುಂಬುವ ಮುಂಚೆಯೇ ತಕ್ಕ ರೂಪದಲ್ಲಿ ತಿನ್ನಿಸುತ್ತಾ ಬಂದರೆ, ಮುಂದೆ ಅಲರ್ಜಿ ಬರುವುದು ಬಹಳ ಕಡಿಮೆಯಾಗುತ್ತದೆ ಎಂದು. ಈಗಾಗಲೇ ಅಲರ್ಜಿ ಇರುವ ಮಗುವಿಗೆ ಮನೆಯಲ್ಲಿ ಈ ಪ್ರಯೋಗ ಮಾಡಬಾರದು, ಅದು ಬೇರೆ ಮಾತು.

ಅವ್ವ ಈಗ ಎರಡು ಥರ ಚಟ್ನಿಪುಡಿ ಕಳಿಸುತ್ತಾಳೆ. ಒಂದರ ಮೇಲೆ "ಶೇಂಗಾ ಇದೆ" ಎಂದು ನನ್ನ ತಂಗಿಯ ಕೈಯಲ್ಲಿ ಬರೆಸಿರುತ್ತಾಳೆ. ಇನ್ನೊಂದಕ್ಕೆ ಹುರಿಗಡಲೆ. ಆದರೆ ಅದನ್ನೂ ಅದೇ ಮಿಕ್ಸಿಯಲ್ಲಿ ಮಾಡುವುದರಿಂದ ಆ ಹುಡುಗಿಗೆ ನಾನು ಕೊಡುವುದಿಲ್ಲ. ಇದನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಅವಳು ಅಲ್ಲಿ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ, ಈಗ ಗೊತ್ತಾಯಿತು.

ಸರ್, ಪ್ರಯೋಗಾಲಯಕ್ಕೆಂದು ಆರು ಥರ್ಮಾಮೀಟರ್, ಪ್ರನಾಳಗಳು, ಒಂದು ಸಣ್ಣ ತಕ್ಕಡಿ ತಂದಿದ್ದೇನೆ. ಒಂಬತ್ತನೇ ಕ್ಲಾಸಿನ ಮಕ್ಕಳು ಬೀಜವನ್ನು ತೂಗಿ, ಹಚ್ಚಿ, ನೀರು ಎಷ್ಟು ಡಿಗ್ರಿ ಏರಿತೆಂದು ಈ ಸಲ ಬರೆದುಕೊಳ್ಳಲಿ. ಬೀಜ ನಿಮ್ಮ ನಿಮ್ಮ ಹೊಲದ್ದೇ ಆಗಲಿ. ಹಚ್ಚುವ ಮುಂಚೆ ಶೇಂಗಾ ಯಾರಿಗಾದರೂ ಆಗುವುದಿಲ್ಲವೇ ಎಂದು ಕ್ಲಾಸಿನಲ್ಲಿ ಒಮ್ಮೆ ಕೇಳಿಬಿಡಿ.