ಬಕೈರಿ ನುಡಿಯ ಕ-ಗ ಬದಲಾವಣೆ



‘ಮಳೆ’, ‘ಕಾಲ’ ಸೇರಿದರೆ ‘ಮಳೆಗಾಲ’. ಇದು ಆದೇಶ ಸಂಧಿಯೆಂದು ನೀವು ಶಾಲೆಯಲ್ಲೇ ಕಲಿತಿದ್ದೀರಿ. ಬ್ರೆಜಿಲ್‌ನ ಮಾತೊ ಗ್ರೊಸೊ ರಾಜ್ಯದಲ್ಲಿ ಬಕೈರಿ ಎಂಬ ಕರೀಬ್ ಕುಟುಂಬದ ನುಡಿಯಿದೆ. ಅಲ್ಲಿ ಪದದ ಮೊದಲಿಗೆ ಬ, ದ, ಗ ನಿಲ್ಲುವುದಿಲ್ಲ. ಅವುಗಳ ಜಾಗ ಪದದ ಒಳಗೆ. ಹೆಂಗಸಿಗೆ ‘ಪೆಕೊದೊ’ ಎನ್ನುತ್ತಾರೆ: ಮೊದಲಿಗೆ ಪ, ಒಳಗೆ ದ. ಪದದ ಮುಂದೆ ಪ್ರತ್ಯಯ ಸೇರಿದಾಗ ಮೊದಲಿದ್ದ ಅಕ್ಷರ ಒಳಗಾಗುತ್ತದೆ, ಆಗ ಅದರ ದನಿಯೂ ಬದಲಾಗಬಹುದು. ಹೊರಗಿನವರ ಕಿವಿಗೆ ಇದು ತೊದಲು, ಆಡುವವರಿಗೆ ನಿಯಮ. (ಬೇರೆಯವರ ಉಚ್ಚಾರಕ್ಕೆ ನಾವೂ ನಕ್ಕವರೇ!) ಜರ್ಮನ್ ವಿದ್ವಾಂಸ ಕಾರ್ಲ್ ಫೋನ್ ಡೆನ್ ಸ್ಟೈನನ್ 1892ರಲ್ಲಿ ಈ ನುಡಿಯ ಬಗ್ಗೆ ಗ್ರಂಥ ಪ್ರಕಟಿಸಿದರು. ಅವರಿಗೆ ಅದನ್ನು ಕಲಿಸಿದವರು ಆಂಟೋನಿಯೊ ಎಂಬ ಬಕೈರಿ.