ತುಳಸಿ ಪಾತಿಯಲ್ಲಿ ಮೂಗಿಗೆ ಪಾಠ

ಮಕ್ಕಳೇ, ಮೂಡುಬಿದಿರೆ ಹತ್ತಿರದ ಮಿಜಾರಿನಲ್ಲಿ ಔಷಧಿ ಗಿಡಗಳಿಗೆಂದೇ ಒಂದು ತೋಟವಿದೆ, ಶೋಭಾವನ. ನಮಗೆ ಅಷ್ಟು ದೊಡ್ಡದು ಬೇಡ. ಶಾಲೆಯ ಕೈತೋಟದಲ್ಲಿ ಬಿಸಿಲು ಬೀಳುವ ಒಂದು ಮೂಲೆ ಸಾಕು. ಅಲ್ಲಿ ಎಲ್ಲರೂ ಸೇರಿ ತುಳಸಿ ಪಾತಿ ಮಾಡೋಣ. ನಿಮ್ಮ ಮನೆಯಿಂದ ಶ್ರೀತುಳಸಿ, ಪಕ್ಕದ ಮನೆಯಿಂದ ಕೃಷ್ಣತುಳಸಿ, ಇನ್ಯಾರದೋ ತೋಟದ ಬದಿಯಿಂದ ಆಳೆತ್ತರದ ಕಾಡುತುಳಸಿ, ಜೊತೆಗೆ ಕಾಮಕಸ್ತೂರಿ, ಸಿಕ್ಕಿದರೆ ಕರ್ಪೂರ ತುಳಸಿ.

ಈಗ ಗೆಳೆಯನ ಕಣ್ಣು ಕಟ್ಟಿ, ಒಂದೊಂದೇ ಎಲೆ ಉಜ್ಜಿ ಮೂಗಿಗೆ ಹಿಡಿಯಿರಿ. ಕರ್ಪೂರ ತುಳಸಿಯನ್ನು ಗುರುತಿಸಲು ಯಾರೂ ತಪ್ಪುವುದಿಲ್ಲ. ಪೂರ್ವ ಆಫ್ರಿಕಾದಿಂದ ಬಂದ ಈ ಗಿಡದಲ್ಲಿ ನಿಜವಾಗಿಯೂ ಕರ್ಪೂರ ಇದೆ. ಮನೆಯ ತುಳಸಿಯಲ್ಲಿ ಲವಂಗದ ನೆನಪು ಬರುತ್ತದಲ್ಲ? ಯುಜಿನಾಲ್ ಎಂಬ ಒಂದೇ ವಸ್ತು ಎರಡರಲ್ಲೂ ಇರುವುದರಿಂದ ಹಾಗೆ. ಕಾಮಕಸ್ತೂರಿಯದು ಸಿಹಿ ಪರಿಮಳ. ಇಟಲಿಯವರು ಪಿಜ್ಜಾದ ಮೇಲೆ ಹಾಕುವ ಎಲೆಯೂ ಇದರದೇ ಜಾತಿ.

ಭೂತಗನ್ನಡಿ ಹಿಡಿದು ಎಲೆಯ ಅಡಿಭಾಗ ನೋಡಿ. ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಉಜ್ಜಿದಾಗ ಒಡೆದು ಪರಿಮಳ ಹೊರಬರುತ್ತದೆ. ಇದು ನಮ್ಮ ಮೂಗಿಗಾಗಿ ಮಾಡಿದ್ದಲ್ಲ, ಎಲೆ ತಿನ್ನಲು ಬರುವ ಹುಳಗಳನ್ನು ದೂರವಿಡುವ ಉಪಾಯ. ಹಾಗೆಯೇ ಎಳೆಯ ದಂಟನ್ನು ಬೆರಳ ನಡುವೆ ಹೊರಳಿಸಿ: ದುಂಡಗಿಲ್ಲ, ನಾಲ್ಕು ಮೂಲೆ! ಪುದೀನ, ಸಾಂಬ್ರಾಣಿ, ತುಂಬೆ ಗಿಡಗಳ ದಂಟೂ ಹೀಗೆಯೇ. ಎಲ್ಲವೂ ಒಂದೇ ಕುಟುಂಬದವು. (ತುಂಬೆ ಎಂದರೆ ಬಿಳಿ ಹೂವಿನ ಪುಟ್ಟ ಗಿಡ.)

ನಮ್ಮ ಮಳೆ ಗೊತ್ತಲ್ಲ, ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿ ಕಡೆಯಂತೂ ಕೇಳುವುದೇ ಬೇಡ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಮಣ್ಣು ಏರಿಸಿ ನೆಡಿ. ಕಾಮಕಸ್ತೂರಿಯನ್ನು ಮಳೆ ಬಿಟ್ಟ ಮೇಲೆ ಬಿತ್ತುವುದೇ ಒಳ್ಳೆಯದು.

ಅದರ ಬೀಜ ಒಂದು ಚಮಚ ತೆಗೆದಿಟ್ಟು ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಪ್ರತಿಯೊಂದು ಕಪ್ಪು ಬೀಜದ ಸುತ್ತ ಲೋಳೆ ಉಬ್ಬುತ್ತದೆ. ಫಲೂದಾದಲ್ಲಿ ತಿಂದದ್ದು ಇದನ್ನೇ. ಮಣ್ಣಿಗೆ ಬಿದ್ದ ಬೀಜಕ್ಕೆ ಈ ಲೋಳೆಯೇ ಅಂಟು, ಅದೇ ನೀರಿನ ಸಂಗ್ರಹವೂ ಹೌದು.

ಇನ್ನು ಒಂದು ತಮಾಷೆ ಇದೆ. ಕೃಷ್ಣತುಳಸಿಯ ಬೀಜ ಬಿತ್ತಿದರೆ ಕೆಲವೊಮ್ಮೆ ಹಸಿರು ಸಸಿಗಳೂ ಹುಟ್ಟುತ್ತವೆ. ಶ್ರೀತುಳಸಿ, ಕೃಷ್ಣತುಳಸಿ ಎರಡೂ ಒಂದೇ ಜಾತಿ. ಹೂವಿನಿಂದ ಹೂವಿಗೆ ಹಾರುವ ಜೇನುನೊಣಕ್ಕೆ ಬಣ್ಣದ ಭೇದವಿಲ್ಲ, ಪರಾಗ ಬೆರೆಸಿಬಿಡುತ್ತದೆ. ನೇರಳೆ ಬಣ್ಣವೇ ಬೇಕಿದ್ದರೆ ಒಂದು ಗೆಲ್ಲು ಕತ್ತರಿಸಿ, ಕೆಳಗಿನ ಎಲೆ ತೆಗೆದು, ನೀರಿನ ಲೋಟದಲ್ಲಿಡಿ. ಬೇರು ಬಂದ ಮೇಲೆ ಪಾತಿಗೆ ನೆಡಿ.

ಎಲೆ ಹೆಚ್ಚು ಬೇಕೆಂದು ಕುಡಿ ಚಿವುಟುತ್ತೀರಿ, ಸರಿ. ಆದರೆ ಒಂದು ಗಿಡವನ್ನು ಹೂ ಬಿಡಲು ಬಿಡಿ. ಒಣಗಿದ ಮೇಲೆ ಒಂದು ಹೂವಿನ ಬಟ್ಟಲು ಬಿಡಿಸಿ ಎಣಿಸಿ. ಸಾಮಾನ್ಯವಾಗಿ ನಾಲ್ಕು ಬೀಜ. ಕಡಿಮೆ ಸಿಕ್ಕಿದರೆ ಒಂದೆರಡು ಉದುರಿರಬಹುದು, ಇಲ್ಲವೇ ಕಾಳು ಕಟ್ಟಿಯೇ ಇಲ್ಲ.