ಕಸಿಯಾದ ಮೂತ್ರಪಿಂಡವೂ ತೊಡೆಯ ಕೀಲೂ



ಉತ್ಸವದ ದಿನ ರೋಗದ ಮಾತೇಕೆಂದು ತಾವು ಕೇಳಬಹುದು. ಇದು ನುಡಿಯ ಮಾತೂ ಹೌದು. ಆದುದರಿಂದಲೇ ಈ ವೇದಿಕೆಯಲ್ಲಿ ಎತ್ತಿದ್ದೇವೆ.

ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಕಸಿಮಾಡುವ ಕಾರ್ಯ 1954ರಲ್ಲಿ ಬಾಸ್ಟನ್ನಿನಲ್ಲಿ ಅವಳಿ ಸೋದರರ ನಡುವೆ ಮೊದಲು ಸಫಲವಾಯಿತು. ನಮ್ಮ ದೇಶದಲ್ಲಿ 1971ರಲ್ಲಿ, ವೆಲ್ಲೂರಿನಲ್ಲಿ. ಅವಳಿಗಳಲ್ಲದವರ ಅಂಗವನ್ನು ಶರೀರವು ಒಲ್ಲೆನ್ನುತ್ತದೆ. ಆ ಹಟವನ್ನು ಅಡಗಿಸಲು ಸ್ಟೀರಾಯ್ಡ್ ಮೊದಲಾದ ಔಷಧಗಳನ್ನು ವರ್ಷಾನುಗಟ್ಟಲೆ ಸೇವಿಸಬೇಕಾಗುತ್ತದೆ. ಮೂತ್ರಪಿಂಡವೇನೋ ಉಳಿಯುತ್ತದೆ, ಆದರೆ ಸ್ಟೀರಾಯ್ಡಿನ ದೆಸೆಯಿಂದ ಕೆಲವರಲ್ಲಿ ತೊಡೆಯೆಲುಬಿನ ಮೇಲ್ತುದಿಯ ಚೆಂಡಿಗೆ ರಕ್ತ ಬತ್ತಿ, ಎಲುಬು ಸತ್ತು ಕುಸಿಯುತ್ತದೆ. 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಬಂದ ಮೇಲೆ ಸ್ಟೀರಾಯ್ಡಿನ ಪ್ರಮಾಣ ಇಳಿದು ಈ ಪೀಡೆ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ನುಡಿಯ ತೊಡಕು ಇಲ್ಲಿದೆ. ಈ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ಕೆಲವೊಮ್ಮೆ ಮೊಣಕಾಲಿನಲ್ಲಿ ಕಾಣುತ್ತದೆ. ನಮ್ಮ ಹಿರಿಯರು ಅದನ್ನು ಸೊಂಟನೋವೆನ್ನುತ್ತಾರೆ. ಸೊಂಟವೆಂಬ ನಮ್ಮ ಪದ ಜೋಳಿಗೆಯಿದ್ದಂತೆ. ಅದರಲ್ಲಿ ನಡುವೂ ಹಿಡಿಯುತ್ತದೆ, ಕೀಲೂ ಹಿಡಿಯುತ್ತದೆ. ಇಲ್ಲಿ ಬೆಳೆದ ಮಕ್ಕಳು ಅದನ್ನು ಮರಾಠಿಯಲ್ಲಿ ‘ಕಂಬರ’ ಎಂದು ವೈದ್ಯರಿಗೆ ಹೇಳಿದರೆ, ಅವರು ನಡುವನ್ನು ಪರೀಕ್ಷಿಸುತ್ತಾರೆ. ಕೀಲಿಗೆ ಮರಾಠಿಯಲ್ಲಿ ‘ಖುಬಾ’ ಎನ್ನುತ್ತಾರೆ. ಇದೊಂದು ಪದ ಪ್ರತಿಯೊಂದು ಕನ್ನಡ ಮನೆಯಲ್ಲಿಯೂ ತಿಳಿದಿರಲಿ. ಇನ್ನೂ ಕೆಟ್ಟುದೆಂದರೆ, ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೇನ್ ಗುಳಿಗೆ ತಂದು ನುಂಗುವುದು. ನೋವು ತಗ್ಗೀತು, ಕಷ್ಟಪಟ್ಟು ಪಡೆದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದೀತು. ಆರಂಭದಲ್ಲಿ ಎಕ್ಸ್-ರೇ ಚಿತ್ರ ನಿರ್ದೋಷವಾಗಿ ಕಾಣಬಹುದು; ಎಂ.ಆರ್.ಐ. ಮಾಡಿಸಿದರೆ ದೋಷ ಬಯಲಾಗುತ್ತದೆ.

ಚೆಂಡು ಕುಸಿದರೆ ಕೀಲನ್ನೇ ಬದಲಿಸಬಹುದು. ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು 1962ರಲ್ಲಿ ಲೋಹದ ಚೆಂಡು, ಪ್ಲಾಸ್ಟಿಕ್ ಬಟ್ಟಲುಗಳಿಂದ ರೂಢಿಗೆ ತಂದ ವಿಧಾನವೇ ಇಂದಿಗೂ ತಳಹದಿ. ಕಸಿಯಾದವರಿಗೆ ಈ ಶಸ್ತ್ರಕ್ರಿಯೆ ನಿಷಿದ್ಧವೆಂಬ ಭಯ ಬೇಡ. ನೋವು ಕಳೆದು ಮತ್ತೆ ನಡೆದಾಡುವವರಿದ್ದಾರೆ. ನಂಜೇರುವ ಅಪಾಯ ಮಾತ್ರ ಇತರರಿಗಿಂತ ಹೆಚ್ಚು. ಉಪವಾಸವೆಂದು ಆ ದಿನ ಕಸಿಯ ಗುಳಿಗೆಗಳನ್ನು ತಾವಾಗಿ ಬಿಡಬಾರದು. ಸ್ಟೀರಾಯ್ಡನ್ನಂತೂ ಒಮ್ಮೆಲೇ ನಿಲ್ಲಿಸಲೇಬಾರದು. ಕಸಿ ಒಂದೂರಿನಲ್ಲಿ, ಕೀಲು ಇನ್ನೊಂದೂರಿನಲ್ಲಿ ಆಗುವಾಗ ಇಬ್ಬರು ವೈದ್ಯರೂ ಮೊದಲೇ ಮಾತನಾಡಿಕೊಳ್ಳುವಂತೆ ಮನೆಯವರು ಪಟ್ಟುಹಿಡಿಯಬೇಕು. ಹೊಸ ಮೂತ್ರಪಿಂಡವನ್ನು ಕಿಬ್ಬೊಟ್ಟೆಯಲ್ಲಿ, ಕೀಲಿನ ನೆರೆಯಲ್ಲಿಯೇ ಕೂರಿಸಿರುತ್ತಾರೆ; ಅದು ಎಡಕ್ಕೋ ಬಲಕ್ಕೋ ಎಂಬುದನ್ನೂ, ದಿನದ ಗುಳಿಗೆಗಳ ಹೆಸರುಗಳನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಒಯ್ಯಿರಿ.